ಕುದುರೆಯ ಮೇಲೆ ಯಾರು?

1800ರ ಮೇ ತಿಂಗಳಲ್ಲಿ ನೆಪೋಲಿಯನ್ ಆಲ್ಪ್ಸ್ ಪರ್ವತವನ್ನು ದಾಟಿದ್ದು ಹೇಸರಗತ್ತೆಯ ಮೇಲೆ. ಆದರೆ ಜಗತ್ತಿನ ನೆನಪಿನಲ್ಲಿ ಉಳಿದಿರುವುದು ಮುಂಗಾಲೆತ್ತಿ ನಿಂತ ಕುದುರೆ, ಗಾಳಿಗೆ ಹಾರುವ ಮೇಲಂಗಿ ಮತ್ತು ಶಿಖರದತ್ತ ಚಾಚಿದ ಕೈ. ಈ ಸುಳ್ಳನ್ನು ಚಿತ್ರಿಸಿದವನು ಜಾಕ್ ಲೂಯಿ ಡೇವಿಡ್. ಮೊದಲ ಪ್ರತಿಯನ್ನು ಬರೆಸಿದವನು ಸ್ಪೇನಿನ ಅರಸ ನಾಲ್ಕನೆಯ ಚಾರ್ಲ್ಸ್. ಕುದುರೆಯ ಕಾಲಬುಡದ ಬಂಡೆಯಲ್ಲಿ ಬೋನಪಾರ್ಟೆಯ ಹೆಸರು ಹನಿಬಾಲ್ ಮತ್ತು ಶಾರ್ಲಮೇನ್‌ರ ಹೆಸರುಗಳ ಜೊತೆಯಲ್ಲಿದೆ. ಫ್ರೆಂಚ್ ಕ್ರಾಂತಿಯು 1794ರಲ್ಲಿ ರದ್ದುಪಡಿಸಿದ್ದ ಗುಲಾಮಗಿರಿಗೆ 1802ರಲ್ಲಿ ವಸಾಹತುಗಳಲ್ಲಿ ಮತ್ತೆ ಕಾನೂನಿನ ಬಲ ಕೊಟ್ಟವನು ಇದೇ ವೀರ! ಇಂದಿನ ಹೈಟಿಯ ಕರಿಯ ನಾಯಕ ತೂಸಾಂ ಲೂವೆರ್ತೂರ್ ಅದೇ ವರ್ಷ ಸೆರೆಸಿಕ್ಕಿ, ಫ್ರಾನ್ಸಿನ ಶೀತಲ ಕೋಟೆಯೊಂದರಲ್ಲಿ 1803ರ ಏಪ್ರಿಲ್‌ನಲ್ಲಿ ಸತ್ತ.

ಅಮೆರಿಕದ ಕರಿಯ ಚಿತ್ರಕಾರ ಕೆಹಿಂಡೆ ವೈಲಿ 2005ರಲ್ಲಿ ಅದೇ ಕುದುರೆಯನ್ನು ಮತ್ತೆ ಚಿತ್ರಿಸಿದರು. ಅದರ ಮೇಲೆ ಕುಳಿತಿರುವವನು ಬೀದಿಯಲ್ಲಿ ಸಿಕ್ಕ ಒಬ್ಬ ಕರಿಯ ಯುವಕ. ಅವನು ಸೈನಿಕ ಬಣ್ಣದ ಉಡುಪು ತೊಟ್ಟು, ತಲೆಗೆ ವಸ್ತ್ರ ಬಿಗಿದಿದ್ದಾನೆ. ಬಂಡೆಯಲ್ಲಿ ಆ ಹೆಸರುಗಳ ಜೊತೆಗೆ ಅವನ ಕುಟುಂಬದ ಹೆಸರೂ ಇದೆ.

ಈ ಹಾದಿಗೆ ವೈಲಿಯನ್ನು ತಂದದ್ದು ಒಂದು ಕಾಗದದ ಚೂರು. ಯೇಲ್‌ನಲ್ಲಿ ಓದು ಮುಗಿಸಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದಾಗ, ಪೊಲೀಸರು ಬಂಧಿತನೊಬ್ಬನ ಮುಖ ಮತ್ತು ವಿವರ ಮುದ್ರಿಸಿದ್ದ ಹಾಳೆ ಅವರಿಗೆ ರಸ್ತೆಯಲ್ಲಿ ಸಿಕ್ಕಿತು. ಅದೂ ಒಂದು ಭಾವಚಿತ್ರವೇ ಅಲ್ಲವೇ? ಅರಸರು ಹಣ ಕೊಟ್ಟು, ತಮಗೆ ಬೇಕಾದ ಭಂಗಿಯಲ್ಲಿ ತಮ್ಮನ್ನು ಬರೆಸಿಕೊಂಡರು. ಬಡವನ ಮುಖವನ್ನು ಪ್ರಭುತ್ವವು ಅವನ ಒಪ್ಪಿಗೆಯನ್ನೂ ಕೇಳದೆ ತೆಗೆದು, ಕೆಳಗೊಂದು ಸಂಖ್ಯೆ ಹಾಕುತ್ತದೆ. ಒಬ್ಬನನ್ನು ನೋಡಿದೊಡನೆ ಗೌರವವೂ ಇನ್ನೊಬ್ಬನನ್ನು ನೋಡಿದೊಡನೆ ಸಂಶಯವೂ ಹುಟ್ಟುವಂತೆ ನಮ್ಮ ಕಣ್ಣುಗಳನ್ನು ಪಳಗಿಸಿದ್ದು ಈ ಎರಡು ಬಗೆಯ ಚಿತ್ರಗಳೇ. ವೈಲಿ ಬೀದಿಯ ಯುವಕರ ಮುಂದೆ ಹಳೆಯ ಚಿತ್ರಕಲೆಯ ಪುಸ್ತಕಗಳನ್ನಿಟ್ಟು, ಬೇಕಾದ ಭಂಗಿಯನ್ನು ಅವರೇ ಆರಿಸಿಕೊಳ್ಳಲೆಂದರು. ನನ್ನ ದೃಷ್ಟಿಯಲ್ಲಿ ಅವರ ಕುಂಚಕ್ಕಿಂತ ಈ ಆಯ್ಕೆಯ ಹಕ್ಕೇ ದೊಡ್ಡದು.

ಆದರೂ ಒಂದು ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸವಾರ ಬದಲಾದ, ಕುದುರೆ ಸಾಮ್ರಾಟನದ್ದೇ ಅಲ್ಲವೇ? ಈ ಚಿತ್ರಗಳನ್ನು ಕೊಳ್ಳುವವರು ಧನಿಕರು. ಮಾದರಿಯಾಗಿ ನಿಂತ ಯುವಕ ಮರಳುವುದು ಅದೇ ಬೀದಿಗೆ, ಅದೇ ಪೊಲೀಸರ ಕಣ್ಗಾವಲಿಗೆ. 2018ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿ ವೈಲಿ ರಚಿಸಿದ ಒಬಾಮಾ ಚಿತ್ರ ಅನಾವರಣಗೊಂಡಾಗ ಜನ ಸಾಲುಗಟ್ಟಿದರು. ಡ್ರೋನ್ ದಾಳಿಗಳನ್ನು ವಿಸ್ತರಿಸಿದ ಅಧ್ಯಕ್ಷರನ್ನು ಹೂವು ಎಲೆಗಳ ನಡುವೆ ಕೂರಿಸಿದಾಗ, ಆಕ್ಷೇಪಕ್ಕೆ ಇನ್ನಷ್ಟು ಬಲ ಬಂತೆಂದೇ ಹೇಳಬೇಕು. (ಕಲಾವಿದರ ಮೇಲೂ 2024ರಲ್ಲಿ ಲೈಂಗಿಕ ದೌರ್ಜನ್ಯದ ಆರೋಪಗಳು ಬಂದವು. ಅವರು ಅವನ್ನು ನಿರಾಕರಿಸಿದ್ದಾರೆ. ಕೆಲವು ಸಂಗ್ರಹಾಲಯಗಳು ಪ್ರದರ್ಶನಗಳನ್ನು ಕೈಬಿಟ್ಟವು ಇಲ್ಲವೇ ಮುಂದೂಡಿದವು.)

ರಿಚ್ಮಂಡ್ ನಗರದ ಕಥೆ ಬೇರೆ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಯುದ್ಧ ಹೂಡಿದ ದಕ್ಷಿಣದ ರಾಜ್ಯಗಳ ರಾಜಧಾನಿಯಾಗಿತ್ತು ಅದು. ಅಲ್ಲಿನ ಹೆದ್ದಾರಿಯಲ್ಲಿ ಸೇನಾಧಿಪತಿ ಸ್ಟುವರ್ಟ್‌ನ ಅಶ್ವಾರೂಢ ಪ್ರತಿಮೆ 1907ರಿಂದ ನಿಂತಿತ್ತು. ಅದಕ್ಕೆ ಉತ್ತರವಾಗಿ ವೈಲಿ ಅದೇ ಭಂಗಿಯಲ್ಲಿ, ಜಡೆಗೂದಲಿನ ಕರಿಯ ಯುವಕನನ್ನು ಕಂಚಿನ ಕುದುರೆಯ ಮೇಲೆ ಕೂರಿಸಿದರು. ಅದು 2019ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಅನಾವರಣಗೊಂಡು, ಡಿಸೆಂಬರ್‌ನಲ್ಲಿ ರಿಚ್ಮಂಡಿನ ಕಲಾಸಂಗ್ರಹಾಲಯದ ಮುಂದೆ ನೆಲೆಗೊಂಡಿತು. ಸ್ಟುವರ್ಟ್ ಆಗಲೂ ಅಲುಗಲಿಲ್ಲ. 2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್‌ನ ಕುತ್ತಿಗೆಯನ್ನು ಮೊಣಕಾಲಿನಿಂದ ಒತ್ತಿ ಕೊಂದ ಮೇಲೆ, ದೇಶದಾದ್ಯಂತ ಜನ ಬೀದಿಗಿಳಿದರು. ಜುಲೈನಲ್ಲಿ ಸ್ಟುವರ್ಟ್‌ನನ್ನು ಪೀಠದಿಂದ ಇಳಿಸಲಾಯಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಹೆದ್ದಾರಿಯ ಸೇನಾನಿ ಲೀಯ ಪ್ರತಿಮೆಯೂ ಇಳಿಯಿತು.