ಅಂಚೆ ಕಚೇರಿ ಲಾಭದ ಅಂಗಡಿಯಲ್ಲ

ಕೆಲವು ತಿಂಗಳ ಹಿಂದೆ ನಮ್ಮ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಈ ಪತ್ರಿಕೆಯ ಚಂದಾ ವಿಷಯ ಪ್ರಸ್ತಾಪವಾಯಿತು. ವಿದ್ಯಾವಂತ ಯುವಕರೊಬ್ಬರು ಎದ್ದುನಿಂತು, "ಫಾದರ್, ಮುದ್ರಿಸಿ, ಅಂಚೆಚೀಟಿ ಹಚ್ಚಿ, ಹತ್ತು ದಿನ ಕಾದು ಓದುವ ಕಾಲ ಮುಗಿಯಿತು. ಪಿಡಿಎಫ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರೆ ಸಾಕು. ಹೇಗೂ ಅಂಚೆ ಇಲಾಖೆ ನಷ್ಟದಲ್ಲಿದೆ, ಇಂದಲ್ಲ ನಾಳೆ ಮುಚ್ಚುವಂಥದ್ದು" ಎಂದರು. ಹಲವರು ತಲೆದೂಗಿದರು. ಹಿಂದಿನ ಬೆಂಚಿನಲ್ಲಿದ್ದ ವೃದ್ಧೆಯೊಬ್ಬರು ಮಾತ್ರ, "ನನಗೆ ಆ ಮೊಬೈಲೆಲ್ಲ ಬರುವುದಿಲ್ಲ ಫಾದರ್. ನನ್ನ ಪತ್ರಿಕೆ ಏನಾಗುತ್ತದೆ?" ಎಂದು ಕೇಳಿದರು. ಸಭೆಯಲ್ಲಿ ನಗು ಎದ್ದಿತು. ನಾನೂ ನಕ್ಕೆ. ಗುರುನಿವಾಸಕ್ಕೆ ಮರಳಿದ ಮೇಲೆ ಆ ನಗುವೇ ನನ್ನನ್ನು ಚುಚ್ಚತೊಡಗಿತು. ಅಂದು ನಾನು ಕೊಡದೆ ಹೋದ ಉತ್ತರವನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ.

ಪ್ರಿಯ ಓದುಗರೇ, ಅಂಚೆಯನ್ನು ಹಳೆಯ ಕಾಲದ ಸವಿನೆನಪೆಂದು ಭಾವಿಸಿ ಮರುಗುವವರ ಸಾಲಿಗೆ ನಾನು ಸೇರಿದವನಲ್ಲ. ಕೆಂಪು ಡಬ್ಬಿ, ಅಂಚೆಯಣ್ಣನ ಸೈಕಲ್ ಗಂಟೆ, ಇವುಗಳ ಬಗ್ಗೆ ಕಣ್ಣೀರು ತುಂಬಿದ ಲೇಖನಗಳು ಸಾಕಷ್ಟು ಬಂದಿವೆ. ನಾನು ಹೇಳಹೊರಟಿರುವುದು ನ್ಯಾಯದ ವಿಷಯ. ಊರಿನ ಕೊನೆಯ ಮನೆಯಲ್ಲಿರುವವನಿಗೂ ರಾಜಧಾನಿಯಲ್ಲಿರುವವನಿಗೂ ಒಂದೇ ದರದಲ್ಲಿ, ಒಂದೇ ಗೌರವದಿಂದ ಸೇವೆ ಸಲ್ಲಬೇಕೇ ಬೇಡವೇ ಎಂಬುದು ಇಲ್ಲಿರುವ ಪ್ರಶ್ನೆ.

ಈ ಸಮಾನತೆ ಆಕಾಶದಿಂದ ಉದುರಿದ್ದಲ್ಲ. ರೋಮನ್ ಚಕ್ರವರ್ತಿ ಔಗುಸ್ತನು ತನ್ನ ಸಾಮ್ರಾಜ್ಯದಲ್ಲಿ ಅಚ್ಚುಕಟ್ಟಾದ ಅಂಚೆ ವ್ಯವಸ್ಥೆಯನ್ನು ಸ್ಥಾಪಿಸಿದ್ದನು. ಆದರೆ ಅದು ಸರ್ಕಾರದ ಪತ್ರಗಳಿಗೆ ಮೀಸಲಾಗಿತ್ತು. ಗುಡಾರ ಹೊಲಿದು ಜೀವಿಸುತ್ತಿದ್ದ ಸಂತ ಪೌಲರಿಗೆ ಆ ಕುದುರೆಗಳೂ ಇರಲಿಲ್ಲ, ಆ ತಂಗುದಾಣಗಳೂ ಇರಲಿಲ್ಲ. ರೋಮಿನ ಸಭೆಗೆ ಬರೆದ ಪತ್ರವನ್ನು ಕೊಂಡೊಯ್ದವಳು ಕೆಂಖ್ರೆಯ ಸೇವಕಿ ಫೊಯಿಬೆ ಎಂಬುದು ಬೈಬಲ್ ಪಂಡಿತರ ಅಭಿಪ್ರಾಯ. ಕೊಲೊಸ್ಸೆಗೆ ತುಖಿಕನು ಹೋದನು. ಇಂದು ನಾವು ಬಲಿಪೂಜೆಯಲ್ಲಿ ವಾಚಿಸುವ ಪತ್ರಗಳು ಪರಿಚಿತರ ಕಾಲ್ನಡಿಗೆಯನ್ನೂ ಹಡಗು ಪ್ರಯಾಣವನ್ನೂ ನಂಬಿ ಹೊರಟವು. ಬಡವನ ಪತ್ರವನ್ನು ಹೊರಲು ರಾಜ್ಯವು ಸಿದ್ಧವಾಗುವುದಕ್ಕೆ ಶತಮಾನಗಳೇ ಬೇಕಾದವು.

ನಮ್ಮ ನಾಡಿನಲ್ಲಿ 1672ರಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರು ಅಂಚೆಯನ್ನು ಆರಂಭಿಸಿದರು. ಅದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನವಾಯಿತು. ಅಷ್ಟರಲ್ಲಿ ಒಂದು ದೊಡ್ಡ ಬದಲಾವಣೆ ನಡೆದುಹೋಗಿತ್ತು. 1854ಕ್ಕೆ ಮೊದಲು ಭಾರತದಲ್ಲಿ ಪತ್ರದ ದರವನ್ನು ದೂರ ನೋಡಿ ನಿರ್ಧರಿಸಲಾಗುತ್ತಿತ್ತು. ದೂರ ಹೆಚ್ಚಿದಷ್ಟೂ ಹಣ ಹೆಚ್ಚು. ಆ ವರ್ಷದಿಂದ ಅರ್ಧ ಆಣೆಯ ಚೀಟಿ ಹಚ್ಚಿದ ಹಗುರವಾದ ಪತ್ರ ದೇಶದ ಯಾವ ಮೂಲೆಗಾದರೂ ಹೋಗಬಹುದಾಯಿತು. 1879ರಲ್ಲಿ ಕಾಲಾಣೆಯ ಕಾರ್ಡು ಬಂತು. ಹತ್ತಿರದವನ ಪತ್ರದಿಂದ ಉಳಿದ ಹಣದಲ್ಲಿ ದೂರದವನ ಪತ್ರವನ್ನು ಹೊರುವ ಈ ಏರ್ಪಾಡಿನಲ್ಲಿ ಒಬ್ಬರ ಭಾರವನ್ನು ಒಬ್ಬರು ಹೊರುವ ಕ್ರೈಸ್ತ ತತ್ವವೇ ಇದೆಯೆಂದು ನಾನು ಭಾವಿಸುತ್ತೇನೆ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ 23,344 ಅಂಚೆ ಕಚೇರಿಗಳಿದ್ದವು. ಇಂದು ಸುಮಾರು 1,65,000 ಇವೆ. ಅವುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗ್ರಾಮಗಳಲ್ಲಿವೆ. ಹಳ್ಳಿಯವರಿಂದ ಲಾಭ ಬರುತ್ತದೆಂದು ಯಾರೂ ಇವುಗಳನ್ನು ತೆರೆಯಲಿಲ್ಲ. ಹಳ್ಳಿಯವರೂ ಪ್ರಜೆಗಳೆಂದು ತೆರೆದರು.

ಈಗ ಆಕ್ಷೇಪಣೆಗಳಿಗೆ ಬರೋಣ. "ಅಂಚೆ ನಷ್ಟದಲ್ಲಿದೆ" ಎಂಬುದು ಮೊದಲನೆಯದು. ಹೌದು, ಇಲಾಖೆಯ ವೆಚ್ಚವು ಆದಾಯವನ್ನು ಪ್ರತಿವರ್ಷ ಸಾವಿರಾರು ಕೋಟಿ ರೂಪಾಯಿಗಳಷ್ಟು ಮೀರುತ್ತದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಾನು ಒಂದು ಮಾತು ಕೇಳುತ್ತೇನೆ. ನಿಮ್ಮೂರಿನ ರಸ್ತೆ ಕಳೆದ ವರ್ಷ ಎಷ್ಟು ಲಾಭ ಮಾಡಿತು? ಪ್ರಾಥಮಿಕ ಆರೋಗ್ಯ ಕೇಂದ್ರ ಎಷ್ಟು ಗಳಿಸಿತು? ಸರ್ಕಾರಿ ಶಾಲೆಯ ಲೆಕ್ಕಪುಸ್ತಕದಲ್ಲಿ ಲಾಭದ ಕಲಂ ಇದೆಯೇ? ಅವುಗಳಿಗೆ ತಗಲುವ ಹಣವನ್ನು ನಾವು ವೆಚ್ಚವೆಂದು ಕರೆಯುತ್ತೇವೆ. ಅಂಚೆಗೆ ತಗಲುವ ಹಣವನ್ನು ಮಾತ್ರ ನಷ್ಟವೆಂದು ಕರೆಯುತ್ತೇವೆ. ಹೆಸರು ಬದಲಾದೊಡನೆ ತೀರ್ಪೂ ಬದಲಾಗಿಬಿಡುತ್ತದೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಕಳೆದುಹೋದ ಒಂದನ್ನು ಹುಡುಕಿಹೋದ ಕುರುಬನ ಕಥೆಯನ್ನು ಯೇಸುಸ್ವಾಮಿ ಇಂದಿನ ಲೆಕ್ಕಿಗರ ಮುಂದೆ ಹೇಳಿದ್ದರೆ, ಅವರು ಆ ಕುರುಬನನ್ನು ಕೆಲಸದಿಂದ ತೆಗೆದುಹಾಕಲು ಶಿಫಾರಸು ಮಾಡುತ್ತಿದ್ದರು.

"ಖಾಸಗಿ ಕೊರಿಯರ್‌ಗಳಿವೆಯಲ್ಲ" ಎಂಬುದು ಎರಡನೆಯ ಆಕ್ಷೇಪಣೆ. ಇದಕ್ಕೆ ನನ್ನ ಧರ್ಮಕೇಂದ್ರದಲ್ಲೇ ಉತ್ತರವಿದೆ. ಕಾಡಂಚಿನ ಉಪಗ್ರಾಮವೊಂದರಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡುತ್ತಾರೆ. ಬೆಂಗಳೂರು, ಮುಂಬಯಿಗಳಲ್ಲಿರುವ ನಮ್ಮೂರಿನ ಮಕ್ಕಳೇ ಅವರ ಗಿರಾಕಿಗಳು. ಕೊರಿಯರ್ ಕಚೇರಿ ಇರುವುದು ಇಪ್ಪತ್ತೆರಡು ಕಿಲೋಮೀಟರ್ ದೂರದ ಪೇಟೆಯಲ್ಲಿ. ಹೋಗಿಬರುವ ಬಸ್ಸಿನ ದುಡ್ಡು, ಒಂದು ದಿನದ ಕೂಲಿ, ಎರಡನ್ನೂ ಕೂಡಿಸಿದರೆ ಎರಡು ಕಿಲೋ ಹಪ್ಪಳದ ಲಾಭ ಅಲ್ಲಿಗೆ ಮುಗಿಯಿತು. ಅವರಿಗಾಗಿ ಬರುವ ಸಾಮಾನನ್ನು ಊರಿಗೆ ತಲುಪಿಸಲಾಗದು, ಪೇಟೆಗೆ ಬಂದು ಒಯ್ಯಿರಿ ಎಂಬ ಫೋನು ಬೇರೆ. ಅವರ ಪಾರ್ಸೆಲ್ ಹೊರಡುವುದು ಹತ್ತು ಅಡಿ ಅಗಲದ ಶಾಖಾ ಅಂಚೆ ಕಚೇರಿಯಿಂದ. ಆ ಬಾಗಿಲು ಮುಚ್ಚಿದ ದಿನ ಹಪ್ಪಳದ ಮಣೆಯೂ ಮೂಲೆ ಸೇರುತ್ತದೆ.

ಸಣ್ಣ ವ್ಯಾಪಾರಿಗೆ ಅಂಚೆ ಕೇವಲ ಸಾಗಾಣಿಕೆಯಲ್ಲ. ದೊಡ್ಡ ಕಂಪನಿಯಂತೆ ದರ ಚೌಕಾಸಿ ಮಾಡುವ ಶಕ್ತಿ ಅವನಿಗಿಲ್ಲ. ಗೋಡೆಯ ಮೇಲೆ ಅಂಟಿಸಿದ ದರಪಟ್ಟಿ ಅವನಿಗೂ ಸಾವಿರ ಪಾರ್ಸೆಲ್ ಕಳುಹಿಸುವ ವರ್ತಕನಿಗೂ ಕಾಣುವಂತೆ ಇರುವುದೇ ಅವನ ರಕ್ಷಣೆ. ಇಂದು ಮನೆಬಾಗಿಲಲ್ಲಿ ಹಣ ಕೊಟ್ಟು ಸಾಮಾನು ಪಡೆಯುವುದನ್ನು ಹೊಸ ಆವಿಷ್ಕಾರವೆಂಬಂತೆ ಹೊಗಳುತ್ತೇವೆ. ವಿ.ಪಿ.ಪಿ. ಎಂಬ ಹೆಸರಿನಲ್ಲಿ ನಮ್ಮ ಅಂಚೆ ಅದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಆರಂಭಿಸಿತ್ತು. 2022ರಿಂದ ಆರಂಭವಾದ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಸಣ್ಣ ಕುಶಲಕರ್ಮಿಯೂ ವಿದೇಶಕ್ಕೆ ಪಾರ್ಸೆಲ್ ಕಳುಹಿಸಲು ನೆರವಾಗುತ್ತಿವೆ. ದಿನಗೂಲಿಯವನು ತಿಂಗಳಿಗೆ ನೂರು ರೂಪಾಯಿ ಕಟ್ಟುವ ಆರ್.ಡಿ. ಖಾತೆಯೂ ಅದೇ ಕಿಟಕಿಯಲ್ಲಿದೆ.

ಇನ್ನೊಂದು ಚಾತುರ್ಯವನ್ನು ಗಮನಿಸಿ. ಖಾಸಗಿಯವರು ಲಾಭವಿರುವ ನಗರದ ಬೀದಿಗಳನ್ನು ಆರಿಸಿಕೊಳ್ಳುತ್ತಾರೆ. ಗುಡ್ಡ, ಕಾಡು, ದ್ವೀಪಗಳನ್ನು ಅಂಚೆಗೆ ಬಿಡುತ್ತಾರೆ. ಆಮೇಲೆ, ನೋಡಿ ಅಂಚೆ ನಷ್ಟದಲ್ಲಿದೆ ಎನ್ನಲಾಗುತ್ತದೆ. ಅಮೆರಿಕದಲ್ಲಿಯೂ ದೊಡ್ಡ ಕೊರಿಯರ್ ಕಂಪನಿಗಳು ವರ್ಷಗಳ ಕಾಲ ತಮ್ಮ ಅನೇಕ ಪಾರ್ಸೆಲ್‌ಗಳನ್ನು ಕೊನೆಯ ಹಂತದಲ್ಲಿ ಸರ್ಕಾರಿ ಅಂಚೆಯ ಕೈಗೇ ಒಪ್ಪಿಸುತ್ತಿದ್ದವು. 2020ರ ಲಾಕ್‌ಡೌನ್ ದಿನಗಳನ್ನು ನೆನೆಯಿರಿ. ಬಸ್ಸು ನಿಂತಿತ್ತು, ಅಂಗಡಿ ಮುಚ್ಚಿತ್ತು. ಔಷಧಿಯ ಪೊಟ್ಟಣವನ್ನು ತಲುಪಿಸಿದವರು, ಬೆರಳಚ್ಚು ಪಡೆದು ವೃದ್ಧರ ಕೈಗೆ ಪಿಂಚಣಿ ಹಣ ಕೊಟ್ಟವರು ಅಂಚೆಯವರು.

ಮೂರನೆಯ ಆಕ್ಷೇಪಣೆ ಮೊಬೈಲಿನದು. ಮೊಬೈಲು ಸಂದೇಶವನ್ನು ಒಯ್ಯುತ್ತದೆ, ಒಪ್ಪುತ್ತೇನೆ. ಅದು ಹಪ್ಪಳವನ್ನು ಒಯ್ಯುವುದಿಲ್ಲ, ಔಷಧಿಯನ್ನು ಒಯ್ಯುವುದಿಲ್ಲ, ಸಹಿ ಮಾಡಿದ ಮೂಲ ದಾಖಲೆಯನ್ನು ಒಯ್ಯುವುದಿಲ್ಲ. ಯಾರ ಕೈಯಲ್ಲಿ ಮೊಬೈಲು ಇಲ್ಲವೋ, ಇದ್ದರೂ ಯಾರಿಗೆ ಓದಲಾಗದೋ, ಅವರಿಗೆ ಅದು ಏನನ್ನೂ ತರುವುದಿಲ್ಲ. ಡೆನ್ಮಾರ್ಕ್ ಸಿರಿವಂತ ದೇಶ, ಅಲ್ಲಿ ಬಹುತೇಕ ಎಲ್ಲವೂ ಗಣಕದಲ್ಲಿ ನಡೆಯುತ್ತದೆ. ಅಲ್ಲಿನ ಸಾರ್ವಜನಿಕ ಅಂಚೆಯು 401 ವರ್ಷಗಳ ಸೇವೆಯ ನಂತರ 2025ರ ಡಿಸೆಂಬರ್ ಅಂತ್ಯಕ್ಕೆ ಪತ್ರ ಬಟವಾಡೆಯನ್ನು ನಿಲ್ಲಿಸಿ, ಸುಮಾರು 1,500 ಅಂಚೆ ಡಬ್ಬಿಗಳನ್ನು ತೆಗೆದುಹಾಕಿತು. ಪತ್ರ ಒಯ್ಯುವ ಕೆಲಸ ಖಾಸಗಿ ಸಂಸ್ಥೆಯ ಪಾಲಾಯಿತು. ಅಲ್ಲಿಯೂ ಮೊದಲು ಚಿಂತೆಗೊಳಗಾದವರು ವೃದ್ಧರು. ನಮ್ಮ ಸಭೆಯ ಹಿಂದಿನ ಬೆಂಚು ಅಲ್ಲಿಯೂ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಅಂಚೆಯನ್ನು ಆಳುವವರಿಗೂ ಕೆಲವು ಕಟುಮಾತು ಹೇಳದಿದ್ದರೆ ನಾನು ಪಕ್ಷಪಾತಿಯಾಗುತ್ತೇನೆ. ತಡವಾಗುವ ಪತ್ರಿಕೆ, ಕೈಕೊಡುವ ಸರ್ವರ್, ಮುರಿದ ಡಬ್ಬಿ ಎಲ್ಲರಿಗೂ ಗೊತ್ತಿರುವಂಥವು. ಅದಕ್ಕಿಂತ ಗಂಭೀರವಾದುದು ಬಡವನ ಸೇವೆಗಳು ಒಂದೊಂದಾಗಿ ಕಳಚಿಹೋಗುತ್ತಿರುವುದು. 2024ರ ಡಿಸೆಂಬರಿನಲ್ಲಿ ಪುಸ್ತಕಗಳಿಗಿದ್ದ ಅಗ್ಗದ ನೋಂದಾಯಿತ ಬುಕ್‌ಪೋಸ್ಟ್ ಸೇವೆ ಇದ್ದಕ್ಕಿದ್ದಂತೆ ನಿಂತುಹೋಯಿತು. ಸಣ್ಣ ಪ್ರಕಾಶಕರು ಕಂಗಾಲಾದರು. 2025ರ ಮೇ ತಿಂಗಳಲ್ಲಿ ಜ್ಞಾನ್ ಪೋಸ್ಟ್ ಎಂಬ ಹೊಸ ಸೇವೆ ಬಂತು, 300 ಗ್ರಾಂ ವರೆಗೆ 20 ರೂಪಾಯಿ ದರ. ಸ್ವಾಗತಾರ್ಹವೇ. ಆದರೆ ನಿಯತಕಾಲಿಕೆಗಳಿಗೆ ಅದರಲ್ಲಿ ಸ್ಥಾನವಿಲ್ಲ. ಅದೇ ವರ್ಷ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನಗೊಳಿಸಲಾಯಿತು. ತೆರಿಗೆ ಸೇರಿ ಸುಮಾರು 26 ರೂಪಾಯಿಗೆ ಹೋಗುತ್ತಿದ್ದ ರಿಜಿಸ್ಟರ್ಡ್ ಪತ್ರದ ಜಾಗದಲ್ಲಿ, ಊರಾಚೆಗೆ ಕಳುಹಿಸುವ 50 ಗ್ರಾಂ ಒಳಗಿನ ಲಕೋಟೆಗೆ 47 ರೂಪಾಯಿ, ಅದರ ಮೇಲೆ ತೆರಿಗೆ. ಜಮೀನಿನ ತಕರಾರಿಗೆ ಅರ್ಜಿ ಕಳುಹಿಸುವ ರೈತನಿಗೆ ವೇಗ ಬೇಕಾಗಿರಲಿಲ್ಲ. ಕಳುಹಿಸಿದ್ದಕ್ಕೆ ಪುರಾವೆ ಬೇಕಾಗಿತ್ತು. ಬೇಡದ ವೇಗಕ್ಕೂ ಅವನು ಈಗ ಬೆಲೆ ತೆರಬೇಕು.

1898ರ ಕಾಯಿದೆಯು ಪತ್ರಗಳನ್ನು ಒಯ್ಯುವ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಅದರ ಬದಲಿಗೆ ಬಂದು 2024ರ ಜೂನ್‌ನಲ್ಲಿ ಜಾರಿಯಾದ 2023ರ ಕಾಯಿದೆಯಲ್ಲಿ ಆ ಏಕಸ್ವಾಮ್ಯವಿಲ್ಲ. ಇರಲಿ. ಆದರೆ ಸ್ಪರ್ಧೆಯನ್ನು ಒಪ್ಪಿದ ಮೇಲೆ ಕೊನೆಯ ಮನೆಯ ಭಾರವನ್ನು ಹೊರುವವರು ಯಾರು ಎಂಬುದನ್ನೂ ಹೇಳಬೇಕಲ್ಲವೇ? ಭಾರತವು 1876ರಿಂದ ವಿಶ್ವ ಅಂಚೆ ಒಕ್ಕೂಟದ ಸದಸ್ಯ ರಾಷ್ಟ್ರ. ದೇಶದ ಎಲ್ಲ ಸ್ಥಳಗಳಲ್ಲೂ ಕೈಗೆಟಕುವ ದರದಲ್ಲಿ ಮೂಲ ಅಂಚೆ ಸೇವೆ ದೊರೆಯಬೇಕೆಂಬುದು ಆ ಒಕ್ಕೂಟದ ಒಡಂಬಡಿಕೆ. ಅದಕ್ಕೆ ಬೇಕಾದ ಹಣವನ್ನು ಸಂಸತ್ತಿನಲ್ಲಿ ಬಹಿರಂಗವಾಗಿ, ಸಾರ್ವಜನಿಕ ಸೇವೆಯ ವೆಚ್ಚವೆಂದೇ ಹೆಸರಿಸಿ ಮಂಜೂರು ಮಾಡಲಿ. ನಷ್ಟವೆಂಬ ಅಪವಾದವನ್ನು ಅಂಚೆಯ ತಲೆಗೆ ಕಟ್ಟಿ, ಸದ್ದಿಲ್ಲದೆ ಕತ್ತರಿ ಆಡಿಸುವುದು ಬೇಡ.

ಇನ್ನು ಆ ಕಚೇರಿಯನ್ನು ನಡೆಸುವವರ ಮಾತು. ಎರಡೂವರೆ ಲಕ್ಷದಷ್ಟು ಗ್ರಾಮೀಣ ಡಾಕ್ ಸೇವಕರು ಹಳ್ಳಿಯ ಅಂಚೆಯ ಬೆನ್ನೆಲುಬು. ಎಷ್ಟೋ ಕಡೆ ಶಾಖಾ ಅಂಚೆಪಾಲಕರ ಮನೆಯ ಒಂದು ಕೋಣೆಯೇ ಕಚೇರಿ. ಅವರದು ನಾಗರಿಕ ಹುದ್ದೆಯೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲೇ ತೀರ್ಪಿತ್ತಿದೆ. ಆದರೂ ಖಾಯಂ ನೌಕರರ ಸ್ಥಾನಮಾನ ಅವರಿಗಿಲ್ಲ. 2018ರಲ್ಲಿ ಅವರು ದೇಶಾದ್ಯಂತ ಮುಷ್ಕರ ಹೂಡಿದ ಮೇಲೆ, ನಾಲ್ಕು ಗಂಟೆಯ ಕೆಲಸಕ್ಕೆ ಅಂಚೆಪಾಲಕರಿಗೆ ಕನಿಷ್ಠ 12,000, ಸಹಾಯಕರಿಗೆ 10,000 ರೂಪಾಯಿ ಮತ್ತು ತುಟ್ಟಿಭತ್ಯೆ ನಿಗದಿಯಾಯಿತು. ಗುಡ್ಡ ಹತ್ತಿಳಿಯುವ ಕಾಲುಗಳು ಗಡಿಯಾರದ ನಾಲ್ಕು ಗಂಟೆಗೆ ನಿಲ್ಲುವುದಿಲ್ಲ. ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಬೀಳುತ್ತದೆಂದು ಸಂತ ಯಕೋಬರು ಎಚ್ಚರಿಸಿದ್ದು ನಮ್ಮ ಸರ್ಕಾರಗಳಿಗೂ ಅನ್ವಯಿಸುತ್ತದೆ.

ಇದರಲ್ಲಿ ಧರ್ಮಸಭೆಗೇನು ಕೆಲಸ ಎನ್ನುವಿರಾ? ಜಗದ್ಗುರು ಸಂತ ಇಪ್ಪತ್ತಮೂರನೆಯ ಜಾನ್ ಅವರು 1961ರ 'ಮಾತೆರ್ ಎತ್ ಮಾಜಿಸ್ತ್ರಾ' ವಿಶ್ವಪತ್ರದಲ್ಲಿ ಗ್ರಾಮಾಂತರಕ್ಕೆ ಅತ್ಯಗತ್ಯವಾದ ಸೌಕರ್ಯಗಳನ್ನು ಎಣಿಸುವಾಗ ರಸ್ತೆ, ಕುಡಿಯುವ ನೀರು, ಆರೋಗ್ಯ ಸೇವೆಗಳ ಜೊತೆಗೆ ಸಂಪರ್ಕ ಸಾಧನಗಳನ್ನೂ ಸೇರಿಸಿದರು. ಇವುಗಳ ಬಗ್ಗೆ ಸರ್ಕಾರ ವಿಶೇಷ ಕಾಳಜಿ ವಹಿಸಬೇಕೆಂದು ಬೋಧಿಸಿದರು. ಮೂವತ್ತು ವರ್ಷಗಳ ಬಳಿಕ, 1991ರಲ್ಲಿ, ಸಂತ ಎರಡನೆಯ ಜಾನ್ ಪೌಲರು ಮಾರುಕಟ್ಟೆಯ ಶಕ್ತಿಗಳಿಂದಷ್ಟೇ ಕಾಪಾಡಲಾಗದ ಸಾಮೂಹಿಕ ಸಂಪತ್ತುಗಳಿವೆ, ಅವುಗಳ ರಕ್ಷಣೆ ರಾಜ್ಯದ ಕರ್ತವ್ಯ ಎಂದರು. ನಾನು ಗುರುಮಠದಲ್ಲಿ ಇವುಗಳನ್ನು ಪರೀಕ್ಷೆಗಾಗಿ ಓದಿದ್ದೆ. ಹಪ್ಪಳದ ಪಾರ್ಸೆಲ್ ಹಿಡಿದು ನಿಂತ ಹೆಣ್ಣುಮಗಳು ಅವುಗಳ ಅರ್ಥವನ್ನು ತಿಳಿಸಿಕೊಟ್ಟಳು.

ಕೊನೆಗೆ, ಸರ್ಕಾರದತ್ತ ತೋರಿಸುವ ಬೆರಳನ್ನು ನಮ್ಮತ್ತಲೂ ತಿರುಗಿಸೋಣ. ಅಂಚೆಯನ್ನು ನಿರುಪಯುಕ್ತವೆಂದು ಹೀಗಳೆಯುವ ನಾವೇ ಅದನ್ನು ಉಪಯೋಗಿಸದೆ ಬಿಟ್ಟಿದ್ದೇವೆ. ನಮ್ಮ ಧರ್ಮಕೇಂದ್ರದ ಕಾಗದಪತ್ರಗಳನ್ನು ನಾನೂ ಎಷ್ಟೋ ಬಾರಿ ಅನುಕೂಲ ನೋಡಿ ಕೊರಿಯರ್‌ಗೆ ಕೊಟ್ಟಿದ್ದೇನೆ. ನಮ್ಮ ಶಾಲೆಗಳು, ಕಾನ್ವೆಂಟುಗಳು, ಸಂಘಗಳು ತಮ್ಮ ಪತ್ರ, ಪಾರ್ಸೆಲ್‌ಗಳನ್ನು ಹತ್ತಿರದ ಅಂಚೆ ಕಚೇರಿಯಿಂದಲೇ ಕಳುಹಿಸಲಿ. ಉಳಿತಾಯದ ಒಂದು ಖಾತೆ ಅಲ್ಲಿಯೂ ಇರಲಿ. ನಿಮ್ಮೂರಿನ ಶಾಖೆಯನ್ನು ಮುಚ್ಚುವ ಅಥವಾ ದೂರದ ಕಚೇರಿಗೆ ಸೇರಿಸುವ ಮಾತು ಬಂದರೆ ಗ್ರಾಮಸಭೆಯಲ್ಲಿ ಎದ್ದುನಿಂತು ವಿರೋಧಿಸಿ, ನಿರ್ಣಯ ಬರೆಸಿ, ಸಂಸದರಿಗೆ ಕಳುಹಿಸಿ. ಆ ನಿರ್ಣಯವೂ ಅಂಚೆಯಲ್ಲೇ ಹೋಗಲಿ.

ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಆ ಯುವಕರಿಗೆ ನನ್ನ ಉತ್ತರವಿಷ್ಟೇ: ವಾಟ್ಸಾಪ್ ಗುಂಪಿಗೆ ಪತ್ರಿಕೆಯನ್ನು ಹಾಕೋಣ, ಬೇಡವೆನ್ನುವುದಿಲ್ಲ. ಆದರೆ ಹಿಂದಿನ ಬೆಂಚಿನ ಆ ತಾಯಿಯ ವಿಳಾಸದ ಮೇಲೆ ಗೀಟು ಎಳೆಯುವ ಅಧಿಕಾರ ನಮಗಾರಿಗೂ ಇಲ್ಲ. ಅಂದು ನಕ್ಕದ್ದಕ್ಕೆ ಅವರ ಕ್ಷಮೆಯನ್ನೂ ಕೇಳಬೇಕಾಗಿದೆ.