ಮಲೇರಿಯಾ ಸೊನ್ನೆ ಅನ್ನುವ ಮೊದಲು ಮಕ್ಕಳ ರಕ್ತ ನೋಡಲಿ

2027ರ ಹೊತ್ತಿಗೆ ದೇಶದೊಳಗೆ ಹರಡುವ ಮಲೇರಿಯಾ ಸೊನ್ನೆಗೆ ಇಳಿಯಬೇಕು, 2030ಕ್ಕೆ ಪೂರ್ತಿ ಹೋಗಬೇಕು ಎಂಬುದು ಕೇಂದ್ರ ಸರ್ಕಾರದ ಗುರಿ. ಗುರಿ ಒಳ್ಳೆಯದೇ. ಆದರೆ ಬಾಗಲಕೋಟೆ ಜಿಲ್ಲೆಯ ಕಾಗದದಲ್ಲಿ ಸೊನ್ನೆ ಬರೆಯುವ ಮೊದಲು ಇನ್ನೊಂದು ಪರೀಕ್ಷೆ ಆಗಲಿ ಅನ್ನುವುದು ನಮ್ಮ ಮಾತು.

ಈಗ ಜ್ವರ ಬಂದರೆ ಆಶಾ ಕಾರ್ಯಕರ್ತೆ ಬೆರಳು ಚುಚ್ಚಿ ರಕ್ತ ತೆಗೆಯುತ್ತಾರೆ. ಆ ಪರೀಕ್ಷೆ ಹೇಳುವುದು ಈಗಿನ ಸೋಂಕನ್ನು ಮಾತ್ರ. ಮೆಡಿಕಲ್ ಶಾಪಿನ ಗುಳಿಗೆ ನುಂಗಿ ಸುಮ್ಮನಾದವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಹುನಗುಂದ, ಬಾದಾಮಿ ಕಡೆಯಿಂದ ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರು ಎಷ್ಟು ಮಂದಿ ಇದ್ದಾರೆ, ನಿಮಗೇ ಗೊತ್ತು. ಮಂಗಳೂರು ರಾಜ್ಯದಲ್ಲೇ ಮಲೇರಿಯಾಕ್ಕೆ ಹೆಸರಾದ ಊರು. ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಯಕೃತ್ತಿನಲ್ಲಿ ಅಡಗಿ ಕೂತು, ತಿಂಗಳುಗಳ ನಂತರ ಮತ್ತೆ ಏಳುತ್ತದೆ. ಅದಕ್ಕೇ ಪ್ರೈಮಾಕ್ವಿನ್ ಗುಳಿಗೆ 14 ದಿನ. ನಾಲ್ಕನೇ ದಿನಕ್ಕೆ ಜ್ವರ ಬಿಟ್ಟಿತೆಂದು ಗುಳಿಗೆಯನ್ನೂ ಬಿಟ್ಟು, ಊರಿಗೆ ಬಂದ ಮೇಲೆ ಮಲಗಿದರೆ? ಇಲ್ಲಿನ ಸೊಳ್ಳೆಗೆ ಅಷ್ಟು ಸಾಕು. ಇಳಕಲ್ಲಿನ ಗ್ರಾನೈಟ್ ಕ್ವಾರಿ ಹೊಂಡ, ಆಲಮಟ್ಟಿ ಹಿನ್ನೀರಿನ ಅಂಚು, ಮಲಪ್ರಭೆಯ ಮಡು: ನಿಂತ ನೀರಿಗೆ ನಮ್ಮಲ್ಲಿ ಬರವಿಲ್ಲ.

ಮಲೇರಿಯಾ ಮೈಯೊಳಗೆ ಹೊಕ್ಕರೆ ದೇಹ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಜ್ವರ ಹೋದರೂ ಪ್ರತಿಕಾಯ ತಿಂಗಳುಗಟ್ಟಲೆ, ಕೆಲವು ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತವೆ. ದೊಡ್ಡವರಲ್ಲಿ ಸಿಕ್ಕರೆ ಹಳೆಯದೋ ಹೊಸದೋ, ಇಲ್ಲಿಯದೋ ಮಂಗಳೂರಿನದೋ ಎಂದು ಹೇಳುವುದು ಕಷ್ಟ. ಊರು ಬಿಟ್ಟು ಹೋಗದ ಮೂರು ವರ್ಷದ ಮಗುವಿನಲ್ಲಿ ಸಿಕ್ಕರೆ? ಆ ಮಗುವಿಗೆ ಸೊಳ್ಳೆ ಕಚ್ಚಿದ್ದು ಇಲ್ಲೇ. ಅಂಥ ಮಕ್ಕಳಲ್ಲಿ ಎಲ್ಲೂ ಸಿಗದಿದ್ದರೆ ಆಗ ಸೊನ್ನೆಯನ್ನು ನಾವೂ ನಂಬುತ್ತೇವೆ.

ಒಂದು ಎಚ್ಚರಿಕೆ. ಇದು ಜ್ವರದ ಚಿಕಿತ್ಸೆಗೆ ಮಾಡಿಸುವ ಪರೀಕ್ಷೆ ಅಲ್ಲ. ಟೈಫಾಯಿಡ್‌ಗೆ ಮಾಡಿಸುವ ವಿಡಾಲ್ ಕೂಡ ಪ್ರತಿಕಾಯ ಪರೀಕ್ಷೆಯೇ. ಹಳೇ ಸೋಂಕಿಗೂ ಪಾಸಿಟಿವ್ ತೋರಿಸಿ ಎಷ್ಟು ಮನೆಯ ದುಡ್ಡು ತಿಂದಿದೆಯೋ! ವೈವಾಕ್ಸ್ ವಿಷಯದಲ್ಲಿ ಥಾಯ್ಲೆಂಡ್, ಬ್ರೆಜಿಲ್, ಸಾಲೊಮನ್ ದ್ವೀಪಗಳ ಜನರ ರಕ್ತ ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಎಂಟು ಪ್ರತಿಕಾಯಗಳನ್ನು ಒಟ್ಟಿಗೆ ನೋಡಿದರೆ ಕಳೆದ ಒಂಬತ್ತು ತಿಂಗಳ ಸೋಂಕನ್ನು ಸುಮಾರು 80% ಸರಿಯಾಗಿ ಗುರುತಿಸಬಹುದು ಎಂದು ಅದು ತೋರಿಸಿತು. ಐದರಲ್ಲಿ ಒಂದು ತಪ್ಪುವ ಪರೀಕ್ಷೆಯನ್ನು ನಂಬಿ ಒಬ್ಬರಿಗೆ ಔಷಧಿ ಕೊಡಲಾಗದು. ಯಾವ ಊರಿನ ಕಡೆ ಮೊದಲು ಓಡಬೇಕು ಎಂದು ತಿಳಿಯಲು ಸಾಕು.

ಖರ್ಚು ಅನ್ನುತ್ತೀರಾ? 2020ರಲ್ಲಿ ಕೋವಿಡ್ ಪ್ರತಿಕಾಯ ಸಮೀಕ್ಷೆಯನ್ನು ರಾಜ್ಯದ 30 ಜಿಲ್ಲೆಗಳಲ್ಲೂ ಮಾಡಿದ್ದು ಇದೇ ಸರ್ಕಾರಿ ವ್ಯವಸ್ಥೆ. ಮಲೇರಿಯಾಕ್ಕೆ ಬೆರಳ ತುದಿಯ ಒಂದೆರಡು ಹನಿಯನ್ನು ಸೋಸುಕಾಗದದ ಮೇಲೆ ಒಣಗಿಸಿ ಕಳಿಸಿದರಾಯಿತು. ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯ ಘಟಕ ಬೆಂಗಳೂರಿನಲ್ಲೇ ಇದೆ. ಕ್ವಾರಿ ಪಕ್ಕದ, ಹಿನ್ನೀರಿನ ಅಂಚಿನ, ಗುಳೆ ಹೆಚ್ಚಿರುವ ಊರುಗಳ ಅಂಗನವಾಡಿಗಳಿಂದ ಶುರು ಮಾಡಲಿ. ಹೆತ್ತವರ ಒಪ್ಪಿಗೆ ಪಡೆಯಲಿ, ಮಕ್ಕಳ ಹೆಸರು ಹೊರಗೆ ಬಾರದಿರಲಿ, ಊರಿನ ಫಲಿತಾಂಶವನ್ನು ಮಾತ್ರ ಪಂಚಾಯಿತಿ ಬೋರ್ಡಿಗೆ ಅಂಟಿಸಲಿ.