ಹೆಸರು ಗಳಿಸುವ ಬಗೆ

ಬೆಂಗಳೂರಿನ ಬಸವನಗುಡಿಯ ಒಂದು ಮನೆ. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ತಂದೆ ಬೆಳಗಿನ ಕಾಫಿ ಮುಗಿಸಿ ಪತ್ರಿಕೆ ಓದುತ್ತ ಕುಳಿತಿದ್ದರು. ಖಾಸಗಿ ಸಂಸ್ಥೆಯೊಂದರಲ್ಲಿ ಎಂಜಿನಿಯರಾಗಿರುವ ಮಗ, ಲಿಂಕ್ಡ್‌ಇನ್‌ಗಾಗಿ ತನ್ನನ್ನು ಕುರಿತು ತಾನೇ ಬರೆದ ನಾಲ್ಕು ಸಾಲುಗಳನ್ನು ಅವರ ಮುಂದೆ ಹಿಡಿದ. ಬಡ್ತಿಯ ಸಂದರ್ಶನ ಮುಂದಿನ ವಾರ. ಅಷ್ಟರೊಳಗೆ ಅವನ ‘ಬ್ರ್ಯಾಂಡ್’ ಸಿದ್ಧವಾಗಬೇಕೆಂದು ಗೆಳೆಯರು ಉಪದೇಶಿಸಿದ್ದರು. ‘ದೂರದೃಷ್ಟಿಯ ನಾಯಕ, ಅಪ್ರತಿಮ ಸಂಘಟಕ, ಸಂಸ್ಥೆಯ ಹೊಸ ಲೆಕ್ಕಪತ್ರ ವ್ಯವಸ್ಥೆಯ ನಿರ್ಮಾಪಕ’ ಎಂದು ಅದರಲ್ಲಿ ಬರೆದಿತ್ತು. ತಂದೆ ಕನ್ನಡಕವನ್ನು ಸರಿಪಡಿಸಿಕೊಂಡು ಎರಡು ಬಾರಿ ಓದಿದರು.

“ಚೆನ್ನಾಗಿದೆ ಕಣೋ. ಯಾರಿದು?” ಎಂದರು.

ಮಗ ನಕ್ಕ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಆ ವ್ಯವಸ್ಥೆಯನ್ನು ಕಟ್ಟಿದವರು ಐವರು. ಅದರ ಅತ್ಯಂತ ಕಠಿಣವಾದ ಭಾಗವನ್ನು ಮಾಡಿದವಳು ಪಕ್ಕದ ಮೇಜಿನ ಸಹೋದ್ಯೋಗಿನಿ. ಅದೇ ಬಡ್ತಿಗೆ ಆಕೆಯೂ ಅಭ್ಯರ್ಥಿ.

ಹೆಸರು ಬೇಕೆಂಬ ಆಸೆ ತಪ್ಪಲ್ಲ. ಒಂದೇ ಕಚೇರಿಯಲ್ಲಿ ನೂರಾರು ಜನ ದುಡಿಯುವ ಕಾಲದಲ್ಲಿ ಯಾರು ಯಾವ ಕೆಲಸದಲ್ಲಿ ನಿಪುಣರೆಂದು ಮೇಲಿನವರಿಗೆ ತಾನಾಗಿ ತಿಳಿಯುವುದಿಲ್ಲ. ಸದ್ದಿಲ್ಲದೆ ದುಡಿದರೆ ಸಾಕು, ಫಲ ತಾನೇ ಬರುತ್ತದೆ ಎಂಬ ಹಿರಿಯರ ಮಾತು ಅರ್ಧ ನಿಜ. ಡಂಗುರ ಸಾರಿದರೆ ಸಾಕು, ಕೆಲಸ ಹೇಗಿದ್ದರೂ ನಡೆಯುತ್ತದೆ ಎಂಬ ಹೊಸಬರ ಮಾತು ಅಷ್ಟೂ ನಿಜವಲ್ಲ. ಇವೆರಡರ ನಡುವೆ ದಾರಿಯೊಂದುಂಟು. ಕನ್ನಡ ನಾಡಿನಲ್ಲಿ ಎಂಜಿನಿಯರ್ ಎಂದೊಡನೆ ನೆನಪಾಗುವ ಸರ್ ಎಂ. ವಿಶ್ವೇಶ್ವರಯ್ಯನವರು ನಡೆದದ್ದು ಆ ದಾರಿಯಲ್ಲಿ.

ಅವರು 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯನ್ನು ಸೇರಿದಾಗ ಅವರ ಹೆಸರನ್ನು ಕೇಳಿದವರಿರಲಿಲ್ಲ. ಮೊದಮೊದಲಿನ ಕೆಲಸಗಳಲ್ಲಿ ಒಂದು, ಖಾನ್‌ದೇಶದ ಪಾಂಜ್ರಾ ನದಿಗೆ ಅಡ್ಡಲಾಗಿ ನೀರಿನ ಕೊಳವೆಯನ್ನು ಹಾಯಿಸುವುದು. ಮಳೆಗಾಲದ ತೊಂದರೆಯನ್ನು ಕಂಡು, ಕೆಲಸವನ್ನು ಮುಂದಕ್ಕೆ ಹಾಕಬೇಕೆಂದು ತರುಣ ಎಂಜಿನಿಯರ್ ಕೇಳಿಕೊಂಡರು. ಮೇಲಧಿಕಾರಿಗೆ ಅದು ಹಿಡಿಸಲಿಲ್ಲ. ವಿಶ್ವೇಶ್ವರಯ್ಯನವರು ಕೋರಿಕೆಯನ್ನು ಹಿಂದಕ್ಕೆ ಪಡೆದು, ಮಳೆಯಲ್ಲಿಯೇ ಕೆಲಸಕ್ಕಿಳಿದು ಮುಗಿಸಿದರು. ಈ ಪ್ರಸಂಗವನ್ನು ಅವರು ಮುಚ್ಚಿಡಲಿಲ್ಲ. 1951ರಲ್ಲಿ ಪ್ರಕಟವಾದ ತಮ್ಮ ವೃತ್ತಿಜೀವನದ ನೆನಪುಗಳಲ್ಲಿ ತಾವೇ ಹೇಳಿಕೊಂಡಿದ್ದಾರೆ. ಏಳೂ ಬೀಳೂ ಎರಡೂ ಇರುವ ಕಥೆಯನ್ನು ಜನ ನಂಬುತ್ತಾರೆ. ಬರಿಯ ಏಳಿಗೆಯ ಕಥೆಯನ್ನು ಕೇಳಿ ಸುಮ್ಮನಾಗುತ್ತಾರೆ.

ಅವರ ಹೆಸರು ಒಂದು ನಿರ್ದಿಷ್ಟ ವಿದ್ಯೆಯ ಮೇಲೆ ನಿಂತಿತ್ತು, ಅದು ನೀರಿನ ವಿದ್ಯೆ. ಸಿಂಧದ ಸುಕ್ಕೂರಿಗೆ ಕುಡಿಯುವ ನೀರು, ದಖ್ಖನ್ನಿನ ಕಾಲುವೆಗಳು, ಆಮೇಲೆ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯ. ಅಲ್ಲಿ ಹೆಚ್ಚಿದ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿತ್ತು. ನೀರು ತುಂಬಿ ಮೇಲೇರಿದಾಗ ತಾವಾಗಿ ತೆರೆದುಕೊಂಡು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರಲ್ಲಿ ಅವನ್ನು ಅಲ್ಲಿ ಅಳವಡಿಸಲಾಯಿತು. ಕಟ್ಟೆಯನ್ನು ಎತ್ತರಿಸದೆಯೇ ನೀರಿನ ಮಟ್ಟ ಸುಮಾರು 8 ಅಡಿ ಏರಿತು. ಈ ಬಾಗಿಲುಗಳಿಗೆ ಅವರು ಪೇಟೆಂಟನ್ನೂ ಪಡೆದರು. ತನ್ನದಾದುದನ್ನು ತನ್ನದೆಂದು ಹೇಳುವುದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಆದರೆ ಹೆಸರಿಗೆ ಬೆಲೆಯನ್ನೂ ತೆರಬೇಕಾಗುತ್ತದೆ. ಹಲವು ಹಿರಿಯರನ್ನು ದಾಟಿ ಮೇಲೇರಿದ್ದ ಅವರಿಗೆ, ಆ ಇಲಾಖೆಯ ಅತ್ಯುನ್ನತ ಪದವಿ ಭಾರತೀಯನೊಬ್ಬನಿಗೆ ದಕ್ಕುವ ಸಂಭವ ಕಾಣಲಿಲ್ಲ. ಗೊಣಗುತ್ತ ಕುರ್ಚಿಗೆ ಅಂಟಿಕೊಳ್ಳದೆ 1908ರಲ್ಲಿ ಸೇವೆಯಿಂದ ತಾವೇ ನಿವೃತ್ತರಾದರು. ವಿದೇಶ ಪ್ರವಾಸ ಕೈಗೊಂಡರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರವನ್ನು ಕೊಚ್ಚಿತು. ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ, ಇಟಲಿಯಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ಕರೆ ಕಳುಹಿಸಿತು. ಅವರು ಅರ್ಜಿ ಹಾಕಿರಲಿಲ್ಲ, ಯಾರ ಮನೆಯ ಬಾಗಿಲಿಗೂ ಹೋಗಿರಲಿಲ್ಲ. ಊರಿಗೆ ಆಪತ್ತು ಬಂದಾಗ, ನೀರಿನ ಕೆಲಸಕ್ಕೆ ಯಾರು ಎಂಬ ಪ್ರಶ್ನೆಗೆ, ಅವರಿಲ್ಲದ ಕೋಣೆಯಲ್ಲಿ ಅವರ ಹೆಸರು ಕೇಳಿಬಂದಿತ್ತು. ನಿಜವಾದ ಹೆಸರೆಂದರೆ ಅದು. ತನ್ನನ್ನು ಕುರಿತು ತಾನು ಆಡುವ ಮಾತಲ್ಲ. ತಾನಿಲ್ಲದೆಡೆಯಲ್ಲಿ ಇತರರು ನಂಬಿ ಆಡುವ ಮಾತು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದದ್ದು, 1912ರಿಂದ 1918ರವರೆಗೆ ದಿವಾನರಾಗಿದ್ದದ್ದು ಎಲ್ಲರಿಗೂ ತಿಳಿದ ಕಥೆ. ಅಷ್ಟಾಗಿ ತಿಳಿಯದ ಸಂಗತಿ ಇನ್ನೊಂದಿದೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ದುಡಿದುದಕ್ಕೆ ತಮಗೆ ಸಲ್ಲಬೇಕಾಗಿದ್ದ ಹಣವನ್ನು, ತರುಣರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ವಿನಿಯೋಗಿಸಬೇಕೆಂದು ಅವರು ಹೇಳಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಗೆ ಅವರ ಹೆಸರಲ್ಲ, ಮಹಾರಾಜ ಜಯಚಾಮರಾಜೇಂದ್ರರ ಹೆಸರು ಬಂತು. ಕನ್ನಂಬಾಡಿಯ ಕಟ್ಟೆಗೂ ಅವರ ಹೆಸರಿಲ್ಲ. ಅವರ ನಂತರದ ಎಂಜಿನಿಯರುಗಳೂ ಸಾವಿರಾರು ಕೂಲಿಕಾರರೂ ಬೆವರು ಸುರಿಸಿ ಮುಗಿಸಿದ ಕೆಲಸವದು. ಆದರೂ ನಾಡು ಅವರನ್ನು ಮರೆಯಲಿಲ್ಲ. ಅವರು ಹುಟ್ಟಿದ ಸೆಪ್ಟೆಂಬರ್ 15 ಇಂದಿಗೂ ಎಂಜಿನಿಯರುಗಳ ದಿನ.

ಉದ್ಯೋಗದಲ್ಲಿ ಮೇಲೇರಬಯಸುವ ತರುಣ ತರುಣಿಯರೆಲ್ಲ ಅಣೆಕಟ್ಟು ಕಟ್ಟಬೇಕಾಗಿಲ್ಲ. ಯಾವ ಒಂದು ಕೆಲಸಕ್ಕಾಗಿ ಇತರರು ತಮ್ಮನ್ನು ನೆನೆಯಬೇಕೆಂಬುದನ್ನು ಮೊದಲು ನಿಶ್ಚಯಿಸಿಕೊಂಡರೆ ಸಾಕು. ಹತ್ತು ವಿಷಯಗಳಲ್ಲಿ ಪಂಡಿತರೆಂದು ಹೇಳಿಕೊಳ್ಳುವವರನ್ನು ಜನ ಒಂದಕ್ಕೂ ಕರೆಯುವುದಿಲ್ಲ. ಮಾಡಿದುದನ್ನು ಬರೆದಿಡಬೇಕು; ವಿಶೇಷಣಗಳಿಂದಲ್ಲ, ವಿವರಗಳಿಂದ. ‘ಅಪ್ರತಿಮ’ ಎಂಬ ಮಾತನ್ನು ಯಾರು ಬೇಕಾದರೂ ಬರೆಯಬಹುದು. ‘8 ಅಡಿ’ ಎಂದು ಬರೆಯಬೇಕಾದರೆ ನೀರು ಏರಿರಬೇಕು. ಕೈಜೋಡಿಸಿದವರ ಪಾಲನ್ನು ಅವರಿಗೇ ಸಲ್ಲಿಸಬೇಕು. ಕೈಲಾಗದುದನ್ನು ಒಪ್ಪಿಕೊಳ್ಳದಿರುವುದೂ ಹೆಸರಿನ ರಕ್ಷಣೆಯೇ.

ಬಸವನಗುಡಿಯ ಆ ತರುಣ ಅಂದು ರಾತ್ರಿ ತನ್ನ ನಾಲ್ಕು ಸಾಲುಗಳನ್ನು ಅಳಿಸಿ ಎರಡೇ ಸಾಲು ಬರೆದ: ‘ಸಂಸ್ಥೆಯ ಹೊಸ ಲೆಕ್ಕಪತ್ರ ವ್ಯವಸ್ಥೆಯನ್ನು ಕಟ್ಟಿದ ಐವರಲ್ಲಿ ಒಬ್ಬ. ಹಳೆಯ ದಾಖಲೆಗಳನ್ನೆಲ್ಲ ಪರಿಶೀಲಿಸಿ ಹೊಸದಕ್ಕೆ ವರ್ಗಾಯಿಸಿದ ಕೆಲಸ ಈತನದು.’

ಬಡ್ತಿ ಸಹೋದ್ಯೋಗಿನಿಗೆ ಸಿಕ್ಕಿತು. ಮನೆಯಲ್ಲಿ ಆ ರಾತ್ರಿ ಊಟ ಮೌನವಾಗಿಯೇ ಮುಗಿಯಿತು. ಕೆಲವು ತಿಂಗಳುಗಳ ಮೇಲೆ ಸಂಸ್ಥೆ ದೊಡ್ಡ ಕಾರ್ಯವೊಂದನ್ನು ಆಕೆಗೆ ವಹಿಸಿ, ಜೊತೆಗೆ ಯಾರು ಬೇಕೆಂದು ಕೇಳಿತು. ಅವನಿಲ್ಲದ ಆ ಕೋಣೆಯಲ್ಲಿ ಆಕೆ ಹೇಳಿದ ಮೊದಲ ಹೆಸರು ಅವನದು.